‘ಕ್ಲಾಸ್’, ‘ವರ್ಗ’ ಮತ್ತು ಡಿ.ಸಿ. ಮನ್ನಾ: ಒಂದು ಪದದ ಬಗ್ಗೆ ಕೆಲವು ಟಿಪ್ಪಣಿಗಳು

ದಲಿತ ಚಳವಳಿಯ ಒಳಗೂ ಹೊರಗೂ ಬಹಳ ಕಾಲದಿಂದ ನಡೆದು ಬಂದಿರುವ ಒಂದು ಜಗಳವಿದೆ. ಸಮಸ್ಯೆಯ ಬೇರು ವರ್ಗದಲ್ಲಿದೆಯೋ ಜಾತಿಯಲ್ಲಿದೆಯೋ ಎಂಬ ಜಗಳ. ಎಡಪಂಥೀಯ ಗೆಳೆಯರು ವರ್ಗ ಅನ್ನುತ್ತಾರೆ, ನಮ್ಮವರು ಜಾತಿ ಅನ್ನುತ್ತಾರೆ, ನಡುವೆ ಕೂತವರು ಎರಡೂ ಹೌದು ಅನ್ನುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ. ಈ ಜಗಳಕ್ಕೆ ಇನ್ನೊಂದು ಪಕ್ಷ ಸೇರಿಸುವುದು ನನ್ನ ಉದ್ದೇಶವಲ್ಲ. ಎರಡೂ ಕಡೆಯವರು ‘ವರ್ಗ’ ಎಂಬ ಪದವನ್ನು ಅದರ ಅರ್ಥ ಎಂದೋ ತೀರ್ಮಾನವಾಗಿ ಹೋಗಿದೆ ಎಂಬಂತೆ ಬಳಸುತ್ತಾರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ವರ್ಗ ಎನ್ನುವುದು ಇಂಗ್ಲಿಷಿನ ‘ಕ್ಲಾಸ್’ಗೆ ನಾವು ಮಾಡಿಕೊಂಡ ಅನುವಾದ. ಆದರೆ ಕ್ಲಾಸ್ ಎಂಬುದೂ ಈಗ ನಮ್ಮ ಬಾಯಲ್ಲಿ ಕನ್ನಡವೇ. ನಾನು ದಿನಕ್ಕೆ ಮೂರು ಕ್ಲಾಸ್ ತಗೊಳ್ತೇನೆ. ಪ್ರಿನ್ಸಿಪಾಲರು ಕರೆಸಿ ಬೈದರೆ ಅದೂ ಕ್ಲಾಸ್ ತಗೊಂಡದ್ದೇ. ಹುಡುಗಿ ಫಸ್ಟ್ ಕ್ಲಾಸಲ್ಲಿ ಪಾಸಾದಳು. ಆ ಪಿಕ್ಚರ್ ಮಾಸ್ ಅಲ್ಲ, ಕ್ಲಾಸ್. ಅವನ ಮಾತಿಗೆ ಕ್ಲಾಸೇ ಇಲ್ಲ ಮಾರಾಯ್ರೆ. ಸರ್ಕಾರಿ ಕಚೇರಿಯಲ್ಲಿ ಗುಡಿಸುವ ಕೆಲಸ ಸಿಕ್ಕಿದರೆ ಅದು ಕ್ಲಾಸ್ ಫೋರ್. ತಹಶೀಲ್ದಾರರ ಕಚೇರಿಯಲ್ಲಿ ಸಾಲುಗಟ್ಟಿ ನಿಂತರೆ ಬ್ಯಾಕ್‌ವರ್ಡ್ ಕ್ಲಾಸ್ ಸರ್ಟಿಫಿಕೇಟು. ಇವೆಲ್ಲ ಬೇರೆ ಬೇರೆ ಪದಗಳಲ್ಲ. ಒಂದೇ ಪದದ ಬೇರೆ ಬೇರೆ ವೇಷಗಳು.

ಪದದ ಮೂಲ ಲ್ಯಾಟಿನ್ನಿನ ‘ಕ್ಲಾಸಿಸ್’. ಕೂಗಿ ಕರೆಯುವುದು ಎಂಬರ್ಥದ ಧಾತುವಿನಿಂದ ಅದು ಬಂದಿರಬಹುದೆಂದು ನಿಘಂಟುಕಾರರ ಊಹೆ. ಯುದ್ಧಕ್ಕೆ ಕರೆದಾಗ ಬಂದು ನಿಂತ ಜನ ಎಂದರ್ಥ. ರೋಮಿನ ಪರಂಪರೆಯಲ್ಲಿ ಕ್ರಿ.ಪೂ. 6ನೆಯ ಶತಮಾನದವನೆಂದು ಹೇಳಲಾಗುವ ಸರ್ವಿಯಸ್ ಟುಲಿಯಸ್ ಎಂಬ ರಾಜ ಪ್ರಜೆಗಳ ಆಸ್ತಿಯ ಲೆಕ್ಕ ಹಾಕಿಸಿ ಅವರನ್ನು ಕ್ಲಾಸಿಸ್‌ಗಳಾಗಿ ವಿಂಗಡಿಸಿದನಂತೆ. ಎಷ್ಟು ಆಸ್ತಿಯೋ ಅಷ್ಟು ಆಯುಧ, ಅಷ್ಟು ತೆರಿಗೆ, ಅಷ್ಟು ಮತ. ಮೊದಲ ಕ್ಲಾಸಿನವರಿಗೆ ‘ಕ್ಲಾಸಿಕಿ’ ಎಂಬ ಹೆಸರಿತ್ತು. ಮಿಕ್ಕವರು ‘ಕ್ಲಾಸಿನ ಕೆಳಗಿನವರು’. ಆಸ್ತಿಯೇ ಇಲ್ಲದೆ ರಾಜ್ಯಕ್ಕೆ ತಮ್ಮ ಮಕ್ಕಳನ್ನಷ್ಟೇ ಕೊಡಬಲ್ಲವರು ‘ಪ್ರೊಲೆಟಾರಿ’.

ವಿಮರ್ಶೆ ಓದುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕ್ರಿ.ಶ. 2ನೆಯ ಶತಮಾನದ ಆಲಸ್ ಗೆಲಿಯಸ್ ಎಂಬ ಲೇಖಕನ ಬರಹದಲ್ಲಿ ವ್ಯಾಕರಣದ ಚರ್ಚೆಯೊಂದು ಬರುತ್ತದೆ. ಯಾವ ಪ್ರಯೋಗ ಶುದ್ಧ ಎಂದು ತಿಳಿಯಬೇಕಾದರೆ ಯಾರನ್ನು ನೋಡಬೇಕು? ‘ಕ್ಲಾಸಿಕಸ್’ ಆದ ಲೇಖಕನನ್ನು ನೋಡಬೇಕೇ ಹೊರತು ‘ಪ್ರೊಲೆಟಾರಿಯಸ್’ ಲೇಖಕನನ್ನಲ್ಲ ಎಂಬ ಮಾತು ಅಲ್ಲಿದೆ. ನಾವು ಎಂ.ಎ. ತರಗತಿಯಲ್ಲಿ ಭಯಭಕ್ತಿಯಿಂದ ಉಚ್ಚರಿಸುವ ‘ಕ್ಲಾಸಿಕ್’ ಎಂಬ ಮೌಲ್ಯ ಹುಟ್ಟಿದ್ದು ಹೀಗೆ, ಆಸ್ತಿಯ ಪಟ್ಟಿಯಿಂದ. ಆಸ್ತಿವಂತನ ಭಾಷೆ ಒಳ್ಳೆಯ ಭಾಷೆ. ಮಾರ್ಕ್ಸ್ ಬಳಸಿದ ‘ಪ್ರೊಲೆಟೇರಿಯಟ್’ ಸಾಹಿತ್ಯ ವಿಮರ್ಶೆಯಲ್ಲಿ ಅವನಿಗಿಂತ ಸಾವಿರದ ಏಳುನೂರು ವರ್ಷ ಹಿಂದೆಯೇ ಇತ್ತು, ಕೆಟ್ಟ ಬರಹಗಾರನಿಗೆ ಬೈಗುಳವಾಗಿ!

ಇಂಗ್ಲಿಷಿಗೆ ಬಂದ ಮೇಲೆ ಈ ಪದ ಬಹಳ ಕಾಲ ಶಾಲೆಗಳಲ್ಲಿ, ಗಿಡಮರಗಳ ವಿಂಗಡಣೆಯಲ್ಲಿ ಓಡಾಡಿಕೊಂಡಿತ್ತು. ಸಮಾಜದ ಭಾಗ ಎಂಬ ಇಂದಿನ ಅರ್ಥ ಗಟ್ಟಿಯಾದದ್ದು 1770ರಿಂದ 1840ರ ನಡುವೆ, ಕಾರ್ಖಾನೆಗಳು ಬಂದ ಕಾಲದಲ್ಲಿ ಎಂದು ರೇಮಂಡ್ ವಿಲಿಯಮ್ಸ್ 1976ರ ‘ಕೀವರ್ಡ್ಸ್’ನಲ್ಲಿ ತೋರಿಸಿದ್ದಾನೆ. ಅದಕ್ಕೆ ಮೊದಲು ಇದ್ದ ಮಾತುಗಳು ಹುಟ್ಟಿನಿಂದ ಬರುವ ಸ್ಥಾನವನ್ನು ಹೇಳುವಂಥವು. ಕ್ಲಾಸ್ ಎಂದಾಗ ಇದು ಮಾಡಿದ್ದು, ಕಟ್ಟಿದ್ದು, ಬದಲಾಗಬಲ್ಲದ್ದು ಎಂಬ ಭಾವನೆ ಬಂತು. ಇದು ಸಣ್ಣ ಸಂಗತಿಯಲ್ಲ. ನಮ್ಮ ದೇಶಕ್ಕೆ ಬಂದಾಗ ಆದದ್ದೇ ಬೇರೆ.

ಕನ್ನಡ ಈ ಒಂದು ಪದವನ್ನು ನಾಲ್ಕೈದು ತುಂಡು ಮಾಡಿ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿತು. ಶಾಲೆಯದು ತರಗತಿ. ನೌಕರಿಯದು, ಪರೀಕ್ಷೆಯದು ದರ್ಜೆ. ಸಮಾಜದ್ದು ವರ್ಗ. ಸಾಹಿತ್ಯದ್ದು ಅಭಿಜಾತ, ಇಲ್ಲವೇ ಶಾಸ್ತ್ರೀಯ. ಇಂಗ್ಲಿಷ್ ಬಲ್ಲವನಿಗೆ ‘ಕ್ಲಾಸಿಕ್’ ಎಂದಾಗ ಕ್ಲಾಸು ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ಅಭಿಜಾತ ಕೃತಿಗೂ ನಾಲ್ಕನೆಯ ದರ್ಜೆಯ ನೌಕರನಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಅಷ್ಟೇ ಅಲ್ಲ, ಅಭಿಜಾತ ಎಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದ ಎಂದರ್ಥ. ರೋಮಿನವರು ಆಸ್ತಿ ನೋಡಿದರು, ನಮ್ಮವರು ನೇರವಾಗಿ ಹುಟ್ಟನ್ನೇ ನೋಡಿದರು. ಒಂದು ಕೃತಿ ಶ್ರೇಷ್ಠ ಎಂದು ಹೇಳಲು ಅದು ‘ಒಳ್ಳೆಯ ಜಾತಿಯದ್ದು’ ಎನ್ನುವ ಪದವನ್ನೇ ಆರಿಸಿಕೊಂಡ ನಮ್ಮ ಕಾವ್ಯಮೀಮಾಂಸಕರು ಕನಿಷ್ಠ ಪ್ರಾಮಾಣಿಕರು!

‘ವರ್ಗ’ ಎಂಬುದನ್ನೂ ನೋಡಿ. ನಮಗೆ ಅದರ ಮೊದಲ ಪರಿಚಯ ಕಾಗುಣಿತದಲ್ಲಿ: ಕ ವರ್ಗ, ಚ ವರ್ಗ, ಒಟ್ಟು ಐದು ವರ್ಗ, 25 ಅಕ್ಷರ. ಇವು ವರ್ಗೀಯ ವ್ಯಂಜನ. ಯ ರ ಲ ವ ಶ ಷ ಸ ಹ ಳ ಎಂಬ ಒಂಬತ್ತು ಯಾವ ವರ್ಗಕ್ಕೂ ಸೇರದವು, ಅವರ್ಗೀಯ. ಅಕ್ಷರಕ್ಕೂ ವರ್ಣ ಎಂದೇ ಹೆಸರು, ಜಾತಿಪದ್ಧತಿಯ ನಾಲ್ಕಕ್ಕೂ ವರ್ಣವೇ. ವರ್ಣದ ಹೊರಗಿದ್ದವರು ಅವರ್ಣೀಯರು, ವರ್ಗದ ಹೊರಗಿದ್ದವು ಅವರ್ಗೀಯ. ‘ಹೊಲೆಯ’ ಎಂಬ ಪದದ ಮೂರು ವ್ಯಂಜನಗಳೂ ಅವರ್ಗೀಯ ಎಂದು ನಾನು ಒಮ್ಮೆ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಇದು ಕಾಕತಾಳೀಯ, ಇದರ ಮೇಲೆ ಸಿದ್ಧಾಂತ ಕಟ್ಟಬಾರದು. ಆದರೆ ಭಾಷೆಯಲ್ಲಿ ವಿಂಗಡಿಸುವ ಬುದ್ಧಿಯೂ ಸಮಾಜವನ್ನು ವಿಂಗಡಿಸುವ ಬುದ್ಧಿಯೂ ಒಂದೇ ಮನೆಯಲ್ಲಿ ಬೆಳೆದವು ಎಂಬುದು ಕಾಕತಾಳೀಯವಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಘಟ್ಟದ ಮೇಲಿನ ಗೆಳೆಯರಿಗೆ ಇದು ತಿಳಿದಿರಲಿಕ್ಕಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಗ ಎಂದರೆ ಜಮೀನು. ಇವತ್ತಿಗೂ ಮಂಗಳೂರಿನಲ್ಲಿ ಜಾಗ ಕೊಳ್ಳಲು ಹೋದವರು ಮೊದಲು ಕೇಳುವುದು, ‘ಇದು ವರ್ಗ ಜಾಗವಾ, ಕುಮ್ಕಿಯಾ?’ ಎಂದು. ಬ್ರಿಟಿಷರ ಕಂದಾಯದ ಲೆಕ್ಕದಲ್ಲಿ ಒಬ್ಬನ ಹೆಸರಿನಲ್ಲಿ ತೀರ್ವೆ ಕಟ್ಟಿಸಿಕೊಳ್ಳುವ ಹಿಡುವಳಿಯೇ ವರ್ಗ. ಅದರ ಒಡೆಯ ವರ್ಗದಾರ. ತಲೆತಲಾಂತರದ ಖಾಸಗಿ ಹಕ್ಕಿನದಾದರೆ ಮೂಲವರ್ಗ. ವರ್ಗದಾರನ ಕೈಕೆಳಗೆ ಮೂಲಗೇಣಿಯವರು, ಶಾಶ್ವತ ಒಕ್ಕಲುಗಳು. ಅವರಿಗಿಂತ ಕೆಳಗೆ ಚಾಲಗೇಣಿಯವರು, ಧಣಿ ಹೇಳಿದ ದಿನ ಎದ್ದು ಹೋಗಬೇಕಾದವರು. ವರ್ಗದ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸವಲತ್ತೂ ವರ್ಗದಾರನದೇ, ಅದಕ್ಕೆ ಕುಮ್ಕಿ ಎಂದು ಹೆಸರು. ಇಷ್ಟೂ ಮೆಟ್ಟಿಲಿಳಿದ ಮೇಲೆ ಕೆಸರಿನಲ್ಲಿ ನಿಂತವನು ಮೂಲದಾಳು. ಧಣಿಗೂ ಆಳಿಗೂ ಒಂದೇ ವಿಶೇಷಣ, ‘ಮೂಲ’. ಒಬ್ಬನಿಗೆ ಮೂಲದಿಂದ ಭೂಮಿ ಸೇರಿದ್ದು, ಇನ್ನೊಬ್ಬ ಮೂಲದಿಂದ ಭೂಮಿಗೆ ಸೇರಿದವನು. 1801ರಲ್ಲಿ ಈ ದಾರಿಯಲ್ಲಿ ಹೋದ ಬುಕಾನನ್ ಇಲ್ಲಿನ ಹೊಲಗಳಲ್ಲಿ ದುಡಿಯುತ್ತಿದ್ದ ಗುಲಾಮರ ಬಗ್ಗೆ ಬರೆದಿದ್ದಾನೆ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಕಾನೂನು ತಪ್ಪಿತು, ಮೂಲ ತಪ್ಪಲಿಲ್ಲ.

ಈಗ ರೋಮನ್ನು ಮತ್ತೆ ನೆನಪು ಮಾಡಿಕೊಳ್ಳಿ. ಆಸ್ತಿ ಇದ್ದು ತೆರಿಗೆ ಕಟ್ಟುವವನು ಕ್ಲಾಸಿನವನು, ಇಲ್ಲದವನು ಕ್ಲಾಸಿನ ಕೆಳಗಿನವನು. ತುಳುನಾಡಿನ ವರ್ಗ ಹೇಳುವುದೂ ಇದನ್ನೇ. ಇಲ್ಲಿ ಎಲ್ಲರೂ ಒಂದಲ್ಲ ಒಂದು ವರ್ಗಕ್ಕೆ ಸೇರಿದವರಲ್ಲ. ವರ್ಗ ಇದ್ದವರು, ಇಲ್ಲದವರು, ಅಷ್ಟೇ. ‘ವರ್ಗ ಸಂಘರ್ಷ’ ಎಂಬ ಮಾತನ್ನು ನಮ್ಮ ಅಜ್ಜಿ ಮೊದಲ ಸಲ ಸಭೆಯೊಂದರಲ್ಲಿ ಕೇಳಿದಾಗ, ಇವರು ಜಾಗದ ತಕರಾರಿನ ಬಗ್ಗೆ ಮಾತಾಡುವುದು, ನಮಗೆ ಜಾಗ ಇಲ್ಲ, ನಮಗೆ ಇದರಲ್ಲಿ ಎಂತ ಉಂಟು ಎಂದು ಎದ್ದು ಬಂದರಂತೆ. ನಮ್ಮ ಮನೆಯಲ್ಲಿ ಇದನ್ನು ನಗೆಯಾಡುತ್ತ ಹೇಳುವ ರೂಢಿ. ನನ್ನ ಪ್ರಕಾರ ಆ ಸಭೆಯಲ್ಲಿ ಪದವನ್ನು ಸರಿಯಾಗಿ ಕೇಳಿಸಿಕೊಂಡವರು ಅವರೊಬ್ಬರೇ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು, ದಕ್ಷಿಣ ಕನ್ನಡದಲ್ಲಿ ಅದು ನಿಜಕ್ಕೂ ದೊಡ್ಡ ಪಲ್ಲಟ. ಆದರೆ ಡಿಕ್ಲರೇಶನ್ ಕೊಡಲು ಗೇಣಿ ಎಂಬುದೊಂದು ಇರಬೇಕಲ್ಲ. ಗೇಣಿಯನ್ನೇ ಯಾರೂ ಕೊಡದಿದ್ದ ಆಳಿಗೆ ದಕ್ಕಿದ್ದು ಬಹಳವೆಂದರೆ ಗುಡಿಸಲಿನ ಅಡಿಯ ಜಾಗ. ಉಳುವವನೇ ಭೂಮಿಯ ಒಡೆಯ ಎಂಬ ಘೋಷಣೆಯಲ್ಲಿ ‘ಉಳುವವನು’ ಯಾರು? ನೇಗಿಲು ಹಿಡಿದವನಲ್ಲ, ಗೇಣಿ ಚೀಟಿ ಹಿಡಿದವನು.

ಇದೇ ಮಂಗಳೂರಿನಲ್ಲಿ, 1894ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟೆಲ್ಲರ ನಿಘಂಟು ಹೊರಬಂತು. ಮೂರು ವರ್ಷಗಳ ನಂತರ, 1897ರಲ್ಲಿ, ವಕೀಲರಾಗಿದ್ದ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಬೊಂಬಾಯಿಯಲ್ಲಿ ವಿಠ್ಠಲ ರಾಮಜಿ ಶಿಂದೆಯವರ ಇದೇ ಹೆಸರಿನ ಸಂಸ್ಥೆ ಹುಟ್ಟಿದ್ದು 1906ರಲ್ಲಿ, ಅದಕ್ಕಿಂತ ಒಂಬತ್ತು ವರ್ಷ ತಡವಾಗಿ. ರಂಗರಾಯರು ಸಾರಸ್ವತ ಬ್ರಾಹ್ಮಣರು, ಬ್ರಹ್ಮಸಮಾಜದವರು. ಅವರನ್ನು ಸ್ವಜಾತಿಯವರು ಹೇಗೆ ನಡೆಸಿಕೊಂಡರು, ನಾವು ಅವರನ್ನು ಹೇಗೆ ನೆನೆಯಬೇಕು ಎಂಬುದು ಇನ್ನೊಂದು ಲೇಖನದ ವಸ್ತು. ನನ್ನ ಕಣ್ಣು ಹೆಸರಿನ ಮೇಲಿದೆ. ಅಸ್ಪೃಶ್ಯರ ಮಕ್ಕಳಿಗಾಗಿ ತೆರೆದ ಕ್ಲಾಸು, ಅದನ್ನು ನಡೆಸಿದ ಸಂಸ್ಥೆಯ ಹೆಸರಿನಲ್ಲೂ ಕ್ಲಾಸು. ಕರೆದದ್ದಕ್ಕೆ ಬಂದು ನಿಂತವರು ಎಂಬ ಆ ಹಳೆಯ ಅರ್ಥ, ಊಹೆಯೇ ಆಗಿರಲಿ, ಇಲ್ಲಿ ಒಂದು ಗಳಿಗೆ ನಿಜವಾಗಿತ್ತು. ಅಲ್ಲಿಯವರೆಗೆ ಆ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಓದಿ ಯಾರೂ ಕರೆದಿರಲಿಲ್ಲ.

ಜೊತೆಗಿರುವ ‘ಡಿಪ್ರೆಸ್ಡ್’ ಎಂಬುದನ್ನೂ ಬಿಡಬಾರದು. ಅದರಲ್ಲಿ ಒತ್ತಿದವನೊಬ್ಬ ಅಡಗಿದ್ದಾನೆ. ತುಳಿಯಲ್ಪಟ್ಟವರು ಎಂದರೆ ತುಳಿದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ‘ಹಿಂದುಳಿದ’ ಎನ್ನಿ, ಆ ಪ್ರಶ್ನೆ ಮಾಯ. ಅವರೇ ನಿಧಾನ ನಡೆದರು, ಹಿಂದೆ ಉಳಿದರು, ಪಾಪ. ‘ಪರಿಶಿಷ್ಟ’ ಎಂದರೆ ಪುಸ್ತಕದ ಕೊನೆಗೆ ಸೇರಿಸಿದ ಅನುಬಂಧ, ಉಳಿದದ್ದು. ಹಾಗೆಂದು ಡಿಪ್ರೆಸ್ಡ್ ಎಂಬುದು ನಮಗೆ ಒಪ್ಪಿಗೆಯಾಗಿತ್ತೆಂದಲ್ಲ. 1931ರ ದುಂಡುಮೇಜಿನ ಪರಿಷತ್ತಿಗೆ ಕೊಟ್ಟ ಪೂರಕ ಮನವಿಯಲ್ಲಿ ಅಂಬೇಡ್ಕರ್ ಈ ಹೆಸರನ್ನು ಆಕ್ಷೇಪಿಸಿ, ಪ್ರಾಟೆಸ್ಟೆಂಟ್ ಹಿಂದೂಗಳು ಎಂಬಂಥ ಬದಲಿ ಹೆಸರುಗಳನ್ನು ಸೂಚಿಸಿದ್ದರು. 1935ರ ಕಾಯಿದೆಯಲ್ಲಿ ಅದು ‘ಷೆಡ್ಯೂಲ್ಡ್ ಕಾಸ್ಟ್ಸ್’ ಆಯಿತು. ಕ್ಲಾಸ್ ಹೋಗಿ ಕಾಸ್ಟ್ ಬಂತು. ಪೋರ್ಚುಗೀಸರ ‘ಕಾಸ್ತಾ’, ಅಂದರೆ ತಳಿ, ವಂಶ ಎಂಬ ಪದ ಅದು, ಅವರು ವ್ಯಾಪಾರ ಮಾಡುತ್ತಿದ್ದ ನಮ್ಮ ಕರಾವಳಿಗೆ ಹೊಸದೇನಲ್ಲ.

ಆದರೆ ಒಂದು ಕಡೆ ಹಳೆಯ ಹೆಸರು ಹಾಗೇ ಉಳಿದುಕೊಂಡಿದೆ, ಕಂದಾಯ ಇಲಾಖೆಯ ಕಡತದಲ್ಲಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಡಿ.ಸಿ. ಮನ್ನಾ ಜಮೀನಿನ ಬಗ್ಗೆ ನಾನು ಹೇಳುತ್ತಿರುವುದು. 1956ರವರೆಗೆ ಈ ಜಿಲ್ಲೆ ಮದ್ರಾಸಿನಲ್ಲಿತ್ತು. ಆ ಆಡಳಿತದಲ್ಲಿ ಅಸ್ಪೃಶ್ಯರಿಗೆಂದು ಮೀಸಲಿಟ್ಟ ಜಾಗ ಇದು. ಡಿ.ಸಿ. ಎಂದರೆ ಡಿಪ್ರೆಸ್ಡ್ ಕ್ಲಾಸ್. ನನ್ನ ತರಗತಿಯಲ್ಲಿ ಕೇಳಿದರೆ ದಲಿತ ವಿದ್ಯಾರ್ಥಿಗಳೂ ‘ಎಂತ ಸರ್, ಡಿ.ಸಿ. ಅಂದ್ರೆ ಜಿಲ್ಲಾಧಿಕಾರಿ ಅಲ್ವಾ? ಅವರು ಮನ್ನಾ ಮಾಡಿದ ಜಾಗ’ ಅನ್ನುತ್ತಾರೆ. ಸಾಲ ಮನ್ನಾದ ಕಾಲದಲ್ಲಿ ಹುಟ್ಟಿದವರು, ಹಾಗೆ ಅನ್ನಿಸುವುದು ಸಹಜ. ಆದರೆ ವ್ಯತ್ಯಾಸ ನೋಡಿ. ಡೆಪ್ಯುಟಿ ಕಮಿಷನರ್ ಮನ್ನಾ ಮಾಡಿದ್ದಾದರೆ ಅದು ಸರ್ಕಾರದ ಕೃಪೆ, ಬೇಡಿ ಪಡೆಯಬೇಕು. ಡಿಪ್ರೆಸ್ಡ್ ಕ್ಲಾಸಿನದ್ದಾದರೆ ನಮ್ಮ ಹೆಸರಿನಲ್ಲಿ ಆಗಲೇ ಬರೆದಿಟ್ಟದ್ದು, ಯಾರು ಅದರ ಮೇಲೆ ಕೂತಿದ್ದಾರೆ ಎಂದು ಕೇಳಬಹುದು. ಎರಡೇ ಅಕ್ಷರ, ಬಿಡಿಸಿ ಓದುವುದರಲ್ಲಿ ಎಕರೆಗಳು ಹೋಗುತ್ತವೆ. ದಲಿತ ಸಂಘಟನೆಗಳು ಈ ಜಾಗ ಹಂಚಿ ಎಂದು ಡಿ.ಸಿ. ಆಫೀಸಿನ ಎದುರು ಧರಣಿ ಕೂತು ವರ್ಷಗಳಾದವು. ಡಿ.ಸಿ. ಎದುರು ಡಿ.ಸಿ. ಮನ್ನಾಕ್ಕಾಗಿ ಡಿ.ಸಿ.ಗಳ ಧರಣಿ ಎಂದು ಹಿರಿಯ ಕಾರ್ಯಕರ್ತರೊಬ್ಬರು ತಮಾಷೆ ಮಾಡುತ್ತಿದ್ದರು. ಶಬ್ದಾರ್ಥ ಗೊತ್ತಿದ್ದವರ ತಮಾಷೆ ಅದು.

ಕೋರ್ಟುಗಳಲ್ಲಿ ಇದೇ ಪದದ ಸುತ್ತ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಂವಿಧಾನ ‘ಹಿಂದುಳಿದ ಕ್ಲಾಸ್’ ಎಂದಿತು, ಜಾತಿ ಎನ್ನಲಿಲ್ಲ. 1962ರಲ್ಲಿ ಮೈಸೂರು ರಾಜ್ಯದ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಿಂದುಳಿದ ಕ್ಲಾಸನ್ನು ಗುರುತಿಸಲು ಜಾತಿಯೊಂದೇ ಅಳತೆಗೋಲಾಗಬಾರದು ಎಂದಿತು. 1992ರಲ್ಲಿ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಜಾತಿಯೇ ಒಂದು ಕ್ಲಾಸ್ ಆಗಿರಬಹುದು ಎಂದಿತು. 2019ರ ತಿದ್ದುಪಡಿಯಿಂದ ‘ಆರ್ಥಿಕವಾಗಿ ದುರ್ಬಲ ವರ್ಗ’ ಎಂಬ ಹೊಸದೊಂದು ಬಂತು, ಅದರಲ್ಲಿ ಪರಿಶಿಷ್ಟರಿಗೂ ಹಿಂದುಳಿದವರಿಗೂ ಜಾಗವಿಲ್ಲ. 2022ರಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನು ಎತ್ತಿ ಹಿಡಿದರು, ಇಬ್ಬರು ಒಪ್ಪಲಿಲ್ಲ. ಬಡವರ ವರ್ಗದಲ್ಲಿ ಬಡ ದಲಿತನಿಲ್ಲ! 1916ರಲ್ಲಿ ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲೇ ಅಂಬೇಡ್ಕರ್ ಜಾತಿ ಎಂದರೆ ಬೇಲಿ ಹಾಕಿಕೊಂಡ ಕ್ಲಾಸ್ ಎಂಬ ವಿಚಾರ ಮಂಡಿಸಿದ್ದರು. ಎರಡು ಬೇರೆ ವಸ್ತುಗಳಲ್ಲ, ಬೇಲಿ ಹಾಕಿದವರು ಯಾರು ಎಂದು ನೋಡಿ ಎಂದರು. ನಾವು ಬೇಲಿಯನ್ನು ಬಿಟ್ಟು ಎರಡು ಹೆಸರುಗಳನ್ನು ಹಿಡಿದುಕೊಂಡು ಕೂತೆವು.

ಸಾಹಿತ್ಯದ ಬೇಲಿಯೂ ಇದೇ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಎದ್ದ ಗಲಾಟೆ ಎಲ್ಲರಿಗೂ ಗೊತ್ತು. ದರ್ಜೆ ಕೊಡುವ ಅಧಿಕಾರ ಕ್ಲಾಸಿನ ಕೆಳಗಿನವನ ಬಾಯಿಗೆ ಬಂದದ್ದೇ ಅಲ್ಲಿನ ಅಪರಾಧ. 1979ರಲ್ಲಿ ನಮ್ಮದೇ ಜಿಲ್ಲೆಯ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂಬ ಬೇಡಿಕೆಗೆ ಒಪ್ಪಿಗೆ ಸಿಗದೆ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಸಾಹಿತ್ಯವನ್ನು ವಿಂಗಡಿಸಬಾರದು ಎಂದು ಆಗ ಬುದ್ಧಿ ಹೇಳಿದವರು ಅಭಿಜಾತ, ಜಾನಪದ ಎಂದು ವಿಂಗಡಿಸುವಾಗ ಎಲ್ಲಿದ್ದರು? 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಬಂತು, ಸಂತೋಷ. ನಾಟಿಗದ್ದೆಯ ಹೆಂಗಸರ ಬಾಯಲ್ಲಿದ್ದ ಪಾಡ್ದನಗಳು, ದಲಿತ ವೀರ ಕೋರ್ದಬ್ಬುವಿನ, ಅವನ ತಂಗಿ ತನ್ನಿಮಾನಿಗಳ ಕಥೆ, ಇವು ಸಿಲೆಬಸ್ಸಿನಲ್ಲಿ ಎಲ್ಲಿವೆ? ಜಾನಪದದ ಐಚ್ಛಿಕ ಪತ್ರಿಕೆಯಲ್ಲಿ, ವೇಷಭೂಷಣ, ಅಡುಗೆಗಳ ಪಕ್ಕದಲ್ಲಿ.

ಕಾರಂತರ ‘ಚೋಮನ ದುಡಿ’ಯನ್ನು ಪಾಠ ಮಾಡುವಾಗ ಇವೆಲ್ಲ ನನಗೆ ಒಟ್ಟಿಗೆ ಎದುರಾಗುತ್ತವೆ. 1933ರ ಕಾದಂಬರಿ, ಈಗ ಕ್ಲಾಸಿಕ್. ಪ್ರಗತಿಪರರು ಅದರಲ್ಲಿ ಸಾಲಕ್ಕೆ ಸಿಕ್ಕ ಕೂಲಿಯನ್ನು ಕಂಡರು, ಬೇರೆಯವರು ಅಸ್ಪೃಶ್ಯತೆಯ ದುರಂತವನ್ನು ಕಂಡರು. ಕರಾವಳಿಯ ವರ್ಗ ಎಂಬ ಅರ್ಥವನ್ನು ಇಟ್ಟುಕೊಂಡು ಓದಿದರೆ ಚೋಮನ ಬೇಡಿಕೆ ತೀರ ಸಣ್ಣದು, ಖಚಿತವಾದದ್ದು. ಅವನು ಕೂಲಿ ಹೆಚ್ಚಿಸಿ ಎನ್ನುವುದಿಲ್ಲ, ದೇವಸ್ಥಾನದ ಬಾಗಿಲು ತೆರೆಯಿರಿ ಎನ್ನುವುದಿಲ್ಲ. ಎರಡು ಎತ್ತು ಕಟ್ಟಿಕೊಂಡು, ಬೇಸಾಯಕ್ಕೆ ಒಂದು ತುಂಡು ಗದ್ದೆ ಕೊಡಿ ಎನ್ನುತ್ತಾನೆ. ಎಂದರೆ ಗೇಣಿ. ಅವನಿಗೆ ಬೇಕಾದದ್ದು ವರ್ಗದಾರನ ಕೆಳಗಿನ ಕಟ್ಟಕಡೆಯ ಮೆಟ್ಟಿಲು, ಎಬ್ಬಿಸಿದ ದಿನ ಎದ್ದು ಹೋಗಬೇಕಾದ ಚಾಲಗೇಣಿ. ಧಣಿ ಸಂಕಪ್ಪಯ್ಯನ ಮನಸ್ಸು ಒಮ್ಮೆ ಅಲುಗಾಡಿದರೂ ಅವರ ತಾಯಿ ಒಪ್ಪುವುದಿಲ್ಲ. ಘಟ್ಟದ ಕಾಫಿ ತೋಟಕ್ಕೆ ಹೋದರೆ ಚೋಮನ ಮಕ್ಕಳು ಕೂಲಿಗಳು, ಅಲ್ಲಿ ಅವರಿಗೊಂದು ಕ್ಲಾಸ್ ಇದೆ. ಊರಿನಲ್ಲಿ ಅದೂ ಇಲ್ಲ. ಅಲ್ಲಿ ಸೇರಬಹುದು, ಸಾಯಬಹುದು, ಇಲ್ಲಿ ಸೇರುವುದಕ್ಕೇ ಬಿಡುವುದಿಲ್ಲ.

ಕಳೆದ ವರ್ಷ ಈ ಪಾಠ ಮುಗಿದ ಮೇಲೆ ಬಂಟ್ವಾಳ ಕಡೆಯ ಒಬ್ಬ ಹುಡುಗ ಉಳಿದುಕೊಂಡು ಕೇಳಿದ: ‘ಸರ್, ಚೋಮನ ಊರಲ್ಲಿ ಡಿ.ಸಿ. ಮನ್ನಾ ಇರಲಿಲ್ವಾ?’ ಕಾದಂಬರಿಯಲ್ಲಿ ಅದರ ಮಾತಿಲ್ಲ ಎಂದೆ. ‘ನಮ್ಮ ಊರಲ್ಲಿ ಉಂಟು ಸರ್, ಈಗ ಅದರಲ್ಲಿ ಅಡಿಕೆ ತೋಟ’ ಅಂದ. ಯಾರದ್ದು ಎಂದು ನಾನು ಕೇಳಲಿಲ್ಲ, ಅವನೇ ಹೇಳಿದ. ಮರುವಾರ ಅವನೂ ಇನ್ನಿಬ್ಬರೂ ಪಹಣಿಯ ಜೆರಾಕ್ಸ್ ತಂದರು.